ಪರವಾನಗಿ ಆನ್‌ಲೈನ್ ಆಯಿತು, ಸಿಲಿಂಡರ್‌ಗಳ ಲೆಕ್ಕ ಯಾರ ಬಳಿ ಇದೆ?

ಪ್ರಶ್ನೆ: ಶೀತಕ ಅನಿಲಗಳನ್ನು ಆಮದು ಮಾಡುವ ಸಂಸ್ಥೆಯೊಂದರಲ್ಲಿ ದಾಖಲೆಪತ್ರಗಳ ಜವಾಬ್ದಾರಿ ನನ್ನದು. ಮೊದಲು ಆಮದು ಪರವಾನಗಿಗೆ ಕಾಗದದ ಅರ್ಜಿ ಹಾಕುತ್ತಿದ್ದೆವು, ಈಗ ಆನ್‌ಲೈನ್. ಪರವಾನಗಿ ಪಿಡಿಎಫ್ ಆಗಿ ಬರುತ್ತದೆ. ಅದನ್ನು ಪ್ರಿಂಟ್ ತೆಗೆದು, ಮೊಹರು ಹಾಕಿಸಿ ಕಸ್ಟಮ್ಸ್ ಕಚೇರಿಗೆ ಕೊಡುತ್ತೇವೆ. ಡಿಜಿಟಲ್ ಪರವಾನಗಿ ಅಂದರೆ ಇಷ್ಟೇನಾ? ನಾವು ಕೋಟಾ ಮೀರದೆ ತರಿಸುತ್ತಿದ್ದೇವೆ. ಆದರೆ ಎಲ್ಲಿಂದಲೋ ಬಂದ ಅಗ್ಗದ ಸಿಲಿಂಡರ್‌ಗಳು ಮಾರುಕಟ್ಟೆಯಲ್ಲಿ ಸಿಗುತ್ತಲೇ ಇವೆ. ಈ ವ್ಯವಸ್ಥೆಯಿಂದ ಅದು ನಿಲ್ಲುತ್ತದೆಯೇ? ನಮ್ಮಂಥವರು ಮಾಡಬೇಕಾದ್ದು ಏನಾದರೂ ಇದೆಯೇ?

ಉತ್ತರ: ನೀವು ವಿವರಿಸಿದ್ದು ಆನ್‌ಲೈನ್ ಅರ್ಜಿ. ಅದನ್ನು ಡಿಜಿಟಲ್ ಪರವಾನಗಿ ಎಂದು ನಾನು ಕರೆಯುವುದಿಲ್ಲ. ಅರ್ಜಿದಾರರ ಓಡಾಟ ಕಡಿಮೆಯಾಗಿದೆ, ಅದು ಒಳ್ಳೆಯದೇ. ಆದರೆ ಅಕ್ರಮ ಸಾಗಣೆಯ ದೃಷ್ಟಿಯಿಂದ ನೋಡಿದರೆ ಪರವಾನಗಿ ಕಚೇರಿಯ ಕಂಪ್ಯೂಟರಿಗೂ ಕಸ್ಟಮ್ಸ್ ಕಂಪ್ಯೂಟರಿಗೂ ನಡುವೆ ಇನ್ನೂ ಒಂದು ಕಾಗದವೇ ಓಡಾಡುತ್ತಿದೆ. ಮೋಸಕ್ಕೆ ಜಾಗ ಇರುವುದು ಆ ಕಾಗದದಲ್ಲಿ.

ಪರವಾನಗಿಯನ್ನು ಅನುಮತಿ ಪತ್ರ ಎಂದುಕೊಳ್ಳದೆ ಬ್ಯಾಂಕ್ ಪಾಸ್‌ಬುಕ್ ಎಂದುಕೊಂಡು ನೋಡಿ. ನಿಮ್ಮ ಪರವಾನಗಿ 20 ಟನ್‌ಗೆ ಇದೆ. ಅದರ ಒಂದು ಪ್ರತಿ ತೋರಿಸಿ ಒಂದು ಬಂದರಿನಲ್ಲಿ 15 ಟನ್ ಬಿಡಿಸಿಕೊಳ್ಳಬಹುದು. ಅದೇ ದಿನ ಇನ್ನೊಂದು ಪ್ರತಿ ತೋರಿಸಿ ಬೇರೆ ಬಂದರಿನಲ್ಲಿ ಮತ್ತೆ 15 ಟನ್ ಬಿಡಿಸಿಕೊಳ್ಳಬಹುದು. ಎರಡೂ ಕಡೆ ಅಧಿಕಾರಿ ಪ್ರಾಮಾಣಿಕರೇ. ಇಬ್ಬರೂ ನೋಡಿದ್ದು ಅಸಲಿ ಪರವಾನಗಿಯನ್ನೇ, ಇಬ್ಬರ ಎದುರಿನ ಸರಕೂ 20 ಟನ್‌ಗಿಂತ ಕಡಿಮೆಯೇ. ಆದರೂ 10 ಟನ್ ಹೆಚ್ಚಾಗಿ ಒಳಗೆ ಬಂತು. ತಪ್ಪು ಯಾರದೆಂದು ಹುಡುಕಿದರೆ ಸಿಗುವುದಿಲ್ಲ, ಯಾಕೆಂದರೆ ಮೊದಲ ಬಂದರಿನಲ್ಲಿ 15 ಟನ್ ಕಳೆದು 5 ಟನ್ ಉಳಿಯಿತು ಎಂದು ಬರೆದಿಡುವ ಪುಸ್ತಕವೇ ಅಲ್ಲಿ ಇರಲಿಲ್ಲ.

ಇಡೀ ವ್ಯವಸ್ಥೆ ನಿಂತಿರುವುದು ಈ ಕಳೆಯುವ ಲೆಕ್ಕದ ಮೇಲೆ. ಪರವಾನಗಿ ಕೊಟ್ಟ ಕಚೇರಿಯ ದಾಖಲೆ ಕಸ್ಟಮ್ಸ್ ವ್ಯವಸ್ಥೆಗೆ ನೇರವಾಗಿ ಕಾಣಬೇಕು. ನೀವು ಆಮದು ಘೋಷಣೆಯಲ್ಲಿ ಪರವಾನಗಿ ಸಂಖ್ಯೆ ನಮೂದಿಸಿದ ಕೂಡಲೇ ಆಮದುದಾರ ಅದೇ ಸಂಸ್ಥೆಯೇ, ವಸ್ತು ಅದೇನಾ, ಕಳಿಸಿದ ದೇಶ ಅದೇನಾ, ಅವಧಿ ಉಳಿದಿದೆಯೇ, ಬಾಕಿ ಎಷ್ಟು ಎಂದು ಯಂತ್ರವೇ ತಾಳೆ ನೋಡಬೇಕು. ಘೋಷಣೆ ಸಲ್ಲಿಸಿದಾಗ ಅಷ್ಟು ಪ್ರಮಾಣವನ್ನು ತಡೆಹಿಡಿಯಬೇಕು, ಸರಕು ಬಿಡುಗಡೆಯಾದಾಗ ಖರ್ಚು ಬರೆಯಬೇಕು, ಘೋಷಣೆ ರದ್ದಾದರೆ ವಾಪಸ್ ಜಮಾ ಮಾಡಬೇಕು. ತಡೆಹಿಡಿಯುವ ಹಂತ ಬಿಟ್ಟರೆ ಎರಡು ಬಂದರುಗಳ ಆಟ ಗಂಟೆಗಳ ಅಂತರದಲ್ಲಿ ಮತ್ತೆ ನಡೆಯುತ್ತದೆ. ವಾಪಸ್ ಜಮಾ ಮಾಡುವ ಹಂತ ಬಿಟ್ಟರೆ ಪ್ರಾಮಾಣಿಕ ಆಮದುದಾರನ ಕೋಟಾ ಸುಮ್ಮನೆ ಸಿಕ್ಕಿಹಾಕಿಕೊಳ್ಳುತ್ತದೆ, ಅವನು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ಕೊನೆಯದಾಗಿ, ನಿಜವಾಗಿ ಎಷ್ಟು ಒಳಗೆ ಬಂತು ಎಂಬ ಸಂದೇಶ ಕಸ್ಟಮ್ಸ್‌ನಿಂದ ಪರವಾನಗಿ ಕಚೇರಿಗೆ ಮರಳಬೇಕು. ಈ ಮರುಸಂದೇಶವನ್ನು ‘ಮುಂದಿನ ಹಂತದಲ್ಲಿ ನೋಡೋಣ’ ಎಂದು ಬಿಟ್ಟಿರುವ ಯೋಜನೆಗಳೇ ಹೆಚ್ಚು. ನನ್ನ ದೃಷ್ಟಿಯಲ್ಲಿ ಮೊದಲು ಮಾಡಬೇಕಾದ್ದೇ ಅದು. ಅರ್ಜಿಯ ಪುಟ ಎಷ್ಟು ಚೆನ್ನಾಗಿದೆ ಎಂಬುದು ಆಮೇಲಿನ ಮಾತು.

ಯುರೋಪಿಯನ್ ಒಕ್ಕೂಟದ ಅನುಭವ ಇಲ್ಲಿ ಪಾಠವಿದ್ದಂತೆ. ಅಲ್ಲಿ 2014ರ ಎಫ್-ಗ್ಯಾಸ್ (ಫ್ಲೋರಿನ್ ಇರುವ ಅನಿಲಗಳ) ನಿಯಮದಡಿ ಎಚ್‌ಎಫ್‌ಸಿಗಳಿಗೆ, ಅಂದರೆ ಓಜೋನಿಗೆ ಹಾನಿ ಮಾಡದಿದ್ದರೂ ಭೂಮಿಯನ್ನು ಬಿಸಿ ಮಾಡುವ ಶೀತಕ ಅನಿಲಗಳಿಗೆ, ಕಟ್ಟುನಿಟ್ಟಾದ ಕೋಟಾ ಬಂತು. ಕಂಪನಿಗಳು ನೋಂದಾಯಿಸಿಕೊಳ್ಳಲು ಪೋರ್ಟಲ್ ಕೂಡ ಇತ್ತು. ಆದರೆ ಗಡಿಯಲ್ಲಿ ನಿಂತ ಅಧಿಕಾರಿಗೆ ಆ ಕ್ಷಣದಲ್ಲಿ ಯಾರ ಕೋಟಾ ಎಷ್ಟು ಉಳಿದಿದೆ ಎಂದು ಕಾಣುತ್ತಿರಲಿಲ್ಲ. ಕಂಪನಿಗಳು ವರ್ಷ ಮುಗಿದ ಮೇಲೆ ಕೊಡುವ ವರದಿಯಿಂದ ಲೆಕ್ಕ ಹಾಕಬೇಕಿತ್ತು. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಕೋಟಾ ಬಿಗಿಯಾಗಿ ಬೆಲೆ ಏರಿದಂತೆ ಅಕ್ರಮ ಸಿಲಿಂಡರ್‌ಗಳು ಧಾರಾಳವಾಗಿ ಹರಿದುಬಂದವು. ಅದಾದ ಮೇಲೆ 2022ರಲ್ಲಿ ಕಸ್ಟಮ್ಸ್ ಏಕಗವಾಕ್ಷಿ (ಬೇರೆ ಬೇರೆ ಕಚೇರಿಗಳ ದಾಖಲೆ ಒಂದೇ ಕಡೆ ಕಾಣುವ ವ್ಯವಸ್ಥೆ) ನಿಯಮ ಬಂತು. ಅದರ ಪ್ರಕಾರ 2025ರ ಮಾರ್ಚ್ 3ರಿಂದ ಓಜೋನ್ ನಾಶಕ ವಸ್ತುಗಳು ಮತ್ತು ಎಫ್-ಗ್ಯಾಸ್‌ಗಳ ದಾಖಲೆಗಳನ್ನು ಸದಸ್ಯ ದೇಶಗಳ ಕಸ್ಟಮ್ಸ್ ವ್ಯವಸ್ಥೆಗಳೊಂದಿಗೆ ಜೋಡಿಸಬೇಕಿತ್ತು. ಪ್ರಮಾಣ ಕಳೆಯುವ ಲೆಕ್ಕವನ್ನೂ ಆ ನಿಯಮ ಒಳಗೊಂಡಿದೆ. ನೀವು ಈಗ ಇರುವ ಹಂತವನ್ನು ಅವರೂ ದಾಟಬೇಕಾಯಿತು ಎಂಬುದಕ್ಕಾಗಿ ಇದನ್ನು ಹೇಳಿದೆ.

ಪರವಾನಗಿ ಪದ್ಧತಿ ಹುಟ್ಟಿದ್ದೂ ಹೀಗೆಯೇ ಪೆಟ್ಟು ತಿಂದು. ಓಜೋನ್ ಪದರ ಉಳಿಸುವ ಮಾಂಟ್ರಿಯಲ್ ಒಪ್ಪಂದಕ್ಕೆ 1987ರ ಸೆಪ್ಟೆಂಬರ್ 16ರಂದು ಸಹಿ ಬಿದ್ದಾಗ ಅದರಲ್ಲಿ ಪರವಾನಗಿಯ ಕಡ್ಡಾಯ ಇರಲಿಲ್ಲ. 1990ರ ದಶಕದಲ್ಲಿ ಶ್ರೀಮಂತ ದೇಶಗಳು ಓಜೋನ್ ನಾಶಮಾಡುವ ಹಳೆಯ ಶೀತಕವಾದ ಸಿಎಫ್‌ಸಿಯನ್ನು ನಿಲ್ಲಿಸತೊಡಗಿದವು. ಹಳೆಯ ಕಾರು ಮತ್ತು ಫ್ರಿಜ್‌ಗಳಿಗೆ ಮಾತ್ರ ಅದು ಬೇಕೇ ಇತ್ತು. ಅಮೆರಿಕದ ಮಯಾಮಿಯಲ್ಲಿ ಕಳ್ಳಸಾಗಣೆಯಾಗುವ ಸರಕುಗಳ ಪೈಕಿ ಮೌಲ್ಯದಲ್ಲಿ ಕೊಕೇನ್ ಬಿಟ್ಟರೆ ನಂತರದ್ದು ಸಿಎಫ್‌ಸಿಯೇ ಎಂಬ ಮಾತು ಆಗ ಕೇಳಿಬಂದಿತ್ತು. ಆಗಿನ ಜನಪ್ರಿಯ ತಂತ್ರವೆಂದರೆ ಹೊಸ ಅನಿಲವನ್ನು ‘ಬಳಸಿ ಶುದ್ಧೀಕರಿಸಿದ್ದು’ ಎಂದು ಘೋಷಿಸುವುದು, ಏಕೆಂದರೆ ಮರುಬಳಕೆಯ ಅನಿಲಕ್ಕೆ ಮಿತಿ ಇರಲಿಲ್ಲ. 1997ರ ಮಾಂಟ್ರಿಯಲ್ ತಿದ್ದುಪಡಿ ಸೇರಿಸಿದ 4ಬಿ ವಿಧಿಯನ್ನು ಓದಿದರೆ ಆ ಪೆಟ್ಟಿನ ಗುರುತು ಕಾಣುತ್ತದೆ. ಹೊಸತು, ಬಳಸಿದ್ದು, ಮರುಬಳಕೆಯದ್ದು, ಶುದ್ಧೀಕರಿಸಿದ್ದು ಎಂದು ನಾಲ್ಕನ್ನೂ ಹೆಸರಿಸಿ, ನಾಲ್ಕಕ್ಕೂ ಆಮದು–ರಫ್ತು ಪರವಾನಗಿ ಇರಬೇಕೆಂದು ಅದು ಹೇಳುತ್ತದೆ. 2016ರ ಕಿಗಾಲಿ ತಿದ್ದುಪಡಿ ಇದೇ ಪದ್ಧತಿಯನ್ನು ಎಚ್‌ಎಫ್‌ಸಿಗಳಿಗೂ ವಿಸ್ತರಿಸಿತು. ಬಹುತೇಕ ಅಭಿವೃದ್ಧಿಶೀಲ ದೇಶಗಳಲ್ಲಿ 2024ರಿಂದ ಎಚ್‌ಎಫ್‌ಸಿ ಬಳಕೆಗೆ ಮೇಲ್ಮಿತಿ ಬಿದ್ದಿದೆ. ಉಳಿದ ಕೆಲವಕ್ಕೆ 2028. ಅಂದರೆ ಪರವಾನಗಿ ಇನ್ನು ಬರೀ ನೋಂದಣಿಯಲ್ಲ, ಪ್ರತಿಯೊಂದರ ಹಿಂದೆಯೂ ಒಂದು ಕೋಟಾ ಇದೆ. ಕೋಟಾ ಇದ್ದಲ್ಲಿ ಕಳ್ಳದಾರಿ ಹುಡುಕುವವರೂ ಇರುತ್ತಾರೆ.

ಇನ್ನು ವಸ್ತುವಿನ ಗುರುತು. ಬಹಳಷ್ಟು ಗೊಂದಲ ಇರುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕಸ್ಟಮ್ಸ್ ಜಗತ್ತು ಸರಕನ್ನು ಗುರುತಿಸುವುದು ಎಚ್‌ಎಸ್ ಕೋಡ್ ಎಂಬ ಅಂತಾರಾಷ್ಟ್ರೀಯ ವರ್ಗೀಕರಣ ಸಂಖ್ಯೆಯಿಂದ. 2022ರ ಜನವರಿ 1ರವರೆಗೆ ಎಚ್‌ಎಫ್‌ಸಿಗಳಿಗೆ ಪ್ರತ್ಯೇಕ ಅಂತಾರಾಷ್ಟ್ರೀಯ ಕೋಡ್ ಇರಲಿಲ್ಲ. ಶುದ್ಧ ಎಚ್‌ಎಫ್‌ಸಿಗಳೆಲ್ಲ 2903.39 ಎಂಬ ಒಂದೇ ಬುಟ್ಟಿಯಲ್ಲಿ ಬೇರೆ ಅನೇಕ ವಸ್ತುಗಳ ಜೊತೆ ಬಿದ್ದಿದ್ದವು. ದೇಶಗಳು ತಮ್ಮದೇ ಹೆಚ್ಚುವರಿ ಅಂಕಿಗಳನ್ನು ಸೇರಿಸಿಕೊಂಡು ಹೇಗೋ ನಿಭಾಯಿಸುತ್ತಿದ್ದವು. ಒಂದು ದೇಶದ ಹೆಚ್ಚುವರಿ ಅಂಕಿ ಇನ್ನೊಂದಕ್ಕೆ ಅರ್ಥವಾಗುತ್ತಿರಲಿಲ್ಲ. 2022ರ ಆವೃತ್ತಿಯಲ್ಲಿ ಎಚ್‌ಎಫ್‌ಸಿ-32ಕ್ಕೆ 2903.42, ಎಚ್‌ಎಫ್‌ಸಿ-134ಎ ಮತ್ತು ಅದರ ಸೋದರ ಎಚ್‌ಎಫ್‌ಸಿ-134ಕ್ಕೆ 2903.45 ಹೀಗೆ ಬೇರೆ ಬೇರೆ ಕೋಡ್‌ಗಳು ಬಂದವು. ಮಿಶ್ರಣಗಳಿಗೆ 3827 ಎಂಬ ಹೊಸ ಶೀರ್ಷಿಕೆಯೇ ಬಂತು. ಇದು ದೊಡ್ಡ ಉಪಕಾರ. ಆದರೂ ಕೋಡ್ ಹೇಳುವುದು ಮನೆತನವನ್ನು, ವ್ಯಕ್ತಿಯ ಹೆಸರನ್ನಲ್ಲ. ಆರ್-404ಎ ಮತ್ತು ಆರ್-507ಎ ಎಂಬ ಮಿಶ್ರಣಗಳೆರಡರಲ್ಲೂ ಎಚ್‌ಎಫ್‌ಸಿ-143ಎ ಶೇ 15ಕ್ಕಿಂತ ಹೆಚ್ಚಿರುವುದರಿಂದ ಎರಡೂ 3827.61ರಲ್ಲೇ ಬೀಳುತ್ತವೆ. ಆದ್ದರಿಂದ ಪರವಾನಗಿ ದಾಖಲೆಯಲ್ಲಿ ಎಚ್‌ಎಸ್ ಕೋಡ್ ಜೊತೆಗೆ ‘ಆರ್’ ಸಂಖ್ಯೆಯೂ (ಶೀತಕಗಳಿಗೆ ಕೊಟ್ಟ ಗುರುತು) ಸಿಎಎಸ್ ಸಂಖ್ಯೆಯೂ (ಪ್ರತಿ ರಾಸಾಯನಿಕಕ್ಕೂ ಕೊಟ್ಟ ಪ್ರತ್ಯೇಕ ಸಂಖ್ಯೆ) ಇರಲೇಬೇಕು.

ಸಿಎಎಸ್ ಸಂಖ್ಯೆಯಲ್ಲಿ ಒಂದು ಸೊಗಸು ಇದೆ. ಅದರ ಕೊನೆಯ ಅಂಕಿ ಪರೀಕ್ಷಾ ಅಂಕಿ. ಎಚ್‌ಎಫ್‌ಸಿ-134ಎಯ ಸಂಖ್ಯೆ 811-97-2. ಕೊನೆಯ 2 ಬಿಟ್ಟು ಬಲದಿಂದ ಎಡಕ್ಕೆ ಒಂದೊಂದು ಅಂಕಿಯನ್ನೂ 1, 2, 3, 4, 5ರಿಂದ ಗುಣಿಸಿ: 7, 18, 3, 4, 40. ಕೂಡಿದರೆ 72. ಕೊನೆಯ ಅಂಕಿ 2, ಸರಿಹೊಂದಿತು. ಬೆರಳಚ್ಚಿನ ತಪ್ಪಾಗಲಿ, ಮನಸ್ಸಿಗೆ ಬಂದಂತೆ ಬರೆದ ಸಂಖ್ಯೆಯಾಗಲಿ ಈ ಜರಡಿಯಲ್ಲಿ ಹೆಚ್ಚಾಗಿ ಸಿಕ್ಕಿಬೀಳುತ್ತದೆ. ತಂತ್ರಾಂಶದಲ್ಲಿ ಇದನ್ನು ಅಳವಡಿಸಲು ಅರ್ಧ ದಿನದ ಕೆಲಸವೂ ಬೇಡ. ಇಷ್ಟನ್ನೂ ಮಾಡದೆ ವಸ್ತುವಿನ ಹೆಸರು ಬರೆಯಲು ಖಾಲಿ ಚೌಕ ಬಿಟ್ಟ ಅರ್ಜಿ ನಮೂನೆಗಳನ್ನು ನೋಡಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಖಾಲಿ ಚೌಕದಲ್ಲಿ ‘ರೆಫ್ರಿಜರೆಂಟ್ ಗ್ಯಾಸ್’ ಎಂದು ಬರೆದರೂ ಅರ್ಜಿ ಮುಂದೆ ಹೋಗುತ್ತದೆ.

ಅಳತೆಯ ಗೊಂದಲ ಇದಕ್ಕಿಂತ ದೊಡ್ಡದು. ಕಿಗಾಲಿಯ ಲೆಕ್ಕ ಕಾರ್ಬನ್ ಡೈಆಕ್ಸೈಡ್ ಸಮಾನ ಟನ್‌ಗಳಲ್ಲಿ. ಕಸ್ಟಮ್ಸ್ ಘೋಷಣೆ ಕಿಲೋಗ್ರಾಂಗಳಲ್ಲಿ. ಎಚ್‌ಎಫ್‌ಸಿ-134ಎಯ ತಾಪಮಾನ ಏರಿಕೆ ಸೂಚ್ಯಂಕ (ಒಂದು ಟನ್ ಅನಿಲ ಎಷ್ಟು ಟನ್ ಕಾರ್ಬನ್ ಡೈಆಕ್ಸೈಡ್‌ಗೆ ಸಮ ಎಂಬ ಸಂಖ್ಯೆ) 1,430. ಆರ್-404ಎಯದ್ದು ಅದರ ಮೂರು ಘಟಕಗಳ ಪಾಲು ಕೂಡಿದರೆ ಸುಮಾರು 3,922. ಅಂದರೆ 10 ಟನ್ 134ಎ ತರಲು ಬೇಕಾದ 14,300 ಟನ್ ಕೋಟಾದಲ್ಲಿ 404ಎ ಬರುವುದು 3.6 ಟನ್ ಚಿಲ್ಲರೆ ಮಾತ್ರ. ಹಾಗಾದರೆ 404ಎ ತುಂಬಿದ ಸಿಲಿಂಡರ್‌ಗೆ 134ಎ ಎಂದು ಚೀಟಿ ಅಂಟಿಸಿದವನಿಗೆ ಲಾಭ ಎಷ್ಟು ನೋಡಿ. ತೂಕ ಸರಿ, ಪರವಾನಗಿ ಸರಿ, ಬಾಕಿಯೂ ಸರಿ. ಕೋಟಾ ಮಾತ್ರ ಸುಮಾರು ಎರಡೂ ಮುಕ್ಕಾಲು ಪಟ್ಟು ಬಳಸಿಕೊಂಡಿರುತ್ತಾನೆ. ಈ ಪರಿವರ್ತನೆಯನ್ನು ಆಮದುದಾರನೂ ಮಾಡಬಾರದು, ಬಂದರಿನ ಅಧಿಕಾರಿಯೂ ಮಾಡಬಾರದು. ಯಂತ್ರವೇ ಮಾಡಬೇಕು, ಒಂದೇ ಕೋಷ್ಟಕದಿಂದ ಮಾಡಬೇಕು. ನಿವ್ವಳ ತೂಕ ಮತ್ತು ಸಿಲಿಂಡರ್ ಸಮೇತ ತೂಕ ಇವೆರಡಕ್ಕೂ ಬೇರೆ ಬೇರೆ ಚೌಕ ಇರಬೇಕು. ಮಾರುಕಟ್ಟೆಯಲ್ಲಿ ಹೆಚ್ಚು ಓಡಾಡುವ ಬಳಸಿ ಎಸೆಯುವ ಸಿಲಿಂಡರ್‌ನಲ್ಲಿ ಅನಿಲ 13.6 ಕೆಜಿ. ಸಾವಿರ ಸಿಲಿಂಡರ್ ಎಂದರೆ 13.6 ಟನ್ ನಿವ್ವಳ. ಸಿಲಿಂಡರ್ ಸಂಖ್ಯೆ ಕೇಳಿದರೆ ಸಾಕು, ತೂಕದ ಸುಳ್ಳು ತಾನಾಗಿ ಹೊರಬರುತ್ತದೆ.

ಈಗ ನಿಮ್ಮ ಎರಡನೇ ಪ್ರಶ್ನೆ: ಇಷ್ಟೆಲ್ಲ ಮಾಡಿದರೆ ಅಕ್ರಮ ನಿಲ್ಲುತ್ತದೆಯೇ? ಒಂದು ಬಗೆಯದ್ದು ನಿಲ್ಲುತ್ತದೆ. ಬಹಿರಂಗವಾಗಿ, ಕಸ್ಟಮ್ಸ್ ಮುಂದೆಯೇ, ಅಸಲಿ ಕಾಗದ ತೋರಿಸಿ ಕೋಟಾ ಮೀರುವುದು ನಿಲ್ಲುತ್ತದೆ. ಅದೇ ದೊಡ್ಡ ಗಳಿಕೆ. ಆದರೆ ನೀವು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರುತ್ತಾರೆ. ಸುಳ್ಳು ಹೆಸರಿನ ಸರಕು ಪರವಾನಗಿಯನ್ನೇ ಕೇಳದ ಕೋಡ್‌ನಲ್ಲಿ ಬರುತ್ತದೆ, ಆಗ ನಿಮ್ಮ ಡಿಜಿಟಲ್ ಬಾಗಿಲನ್ನು ಅದು ತಟ್ಟುವುದೇ ಇಲ್ಲ. ಯಂತ್ರಕ್ಕೆ ಸಿಲಿಂಡರ್ ಒಳಗೆ ಏನಿದೆ ಎಂದು ಕಾಣದು.

ಇದರ ಬೆಲೆ ಏನೆಂದು 2011ರಲ್ಲಿ ಜಗತ್ತು ಕಂಡಿತು. ಹಡಗುಗಳಲ್ಲಿ ಸಾಗುವ ಶೀತಲ ಕಂಟೇನರ್‌ಗಳಿಗೆ 134ಎ ಎಂದು ಹೇಳಿ ತುಂಬಿದ ಅನಿಲದಲ್ಲಿ ಮೀಥೈಲ್ ಕ್ಲೋರೈಡ್ ಬೆರೆತಿತ್ತು. ಅದು ಯಂತ್ರದೊಳಗಿನ ಅಲ್ಯೂಮಿನಿಯಂ ಜೊತೆ ವರ್ತಿಸಿ ಟ್ರೈಮೀಥೈಲ್ ಅಲ್ಯೂಮಿನಿಯಂ ಆಗುತ್ತದೆ, ಗಾಳಿ ತಾಗಿದೊಡನೆ ಹೊತ್ತಿಕೊಳ್ಳುವ ವಸ್ತು. ಕಂಟೇನರ್‌ಗಳು ಸಿಡಿದವು, ದುರಸ್ತಿ ಮಾಡುತ್ತಿದ್ದ ಮೂವರು ಸತ್ತರು. ಅಗ್ಗದ ಸಿಲಿಂಡರ್ ಎಂದರೆ ಓಜೋನ್ ಪದರಕ್ಕೋ ಹವಾಮಾನಕ್ಕೋ ಆಗುವ ದೂರದ ಹಾನಿ ಎಂದುಕೊಳ್ಳುವವರಿಗೆ ನಾನು ಮೊದಲು ಹೇಳುವುದು ಈ ಮೂವರ ವಿಷಯವನ್ನು.

ಹಾಗಾಗಿ ಒಳ್ಳೆಯ ವ್ಯವಸ್ಥೆ ಕಾಗದ ನೋಡುವ ಅಧಿಕಾರಿಯ ಸಮಯ ಉಳಿಸಿ ಆ ಸಮಯವನ್ನು ಸಿಲಿಂಡರ್ ತೆರೆಯುವುದಕ್ಕೆ ಕೊಡಬೇಕು. ಯಾವ ಕಂಟೇನರ್ ತೆರೆಯಬೇಕು ಎಂಬ ಸುಳಿವು ದತ್ತಾಂಶದಲ್ಲೇ ಇರುತ್ತದೆ: ಹಿಂದೆಂದೂ ಅನಿಲ ತರಿಸದ ಸಂಸ್ಥೆ, ಮಾರುಕಟ್ಟೆಗಿಂತ ತೀರ ಕಡಿಮೆ ಇನ್‌ವಾಯ್ಸ್ ಬೆಲೆ, ಆ ಅನಿಲವನ್ನು ತಯಾರಿಸದ ದೇಶದಿಂದ ಬಂದ ಸರಕು, ಸುತ್ತುಬಳಸಿನ ಹಾದಿ. ತೆರೆದ ಮೇಲೆ ಕೈಯಲ್ಲಿ ಹಿಡಿಯುವ ಅನಿಲ ಗುರುತಕ ಬೇಕು. ಅದು ತನ್ನ ಪಟ್ಟಿಯಲ್ಲಿರುವ ಅನಿಲಗಳನ್ನು ಮಾತ್ರ ಹೇಳುತ್ತದೆ, ಉಳಿದದ್ದಕ್ಕೆ ಪ್ರಯೋಗಾಲಯವೇ ಗತಿ. ಸಾದಾ ಒತ್ತಡಮಾಪಕವೂ ಒಂದಿಷ್ಟು ನೆರವಾಗುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 134ಎಯ ಒತ್ತಡ (ವಾತಾವರಣದ ಒತ್ತಡವೂ ಸೇರಿ) ಸುಮಾರು 6.7 ಬಾರ್, ಆರ್-22ರದ್ದು 10 ದಾಟುತ್ತದೆ, ಆರ್-410ಎಯದ್ದು 16 ದಾಟುತ್ತದೆ. ಆದರೆ ಸಿಎಫ್‌ಸಿ-12ರ ಒತ್ತಡ 6.5ರ ಆಸುಪಾಸು, 134ಎಗೆ ತೀರ ಹತ್ತಿರ. ಓಜೋನಿಗೆ ಹಾನಿ ಮಾಡುವ ಹಳೆಯ ಅನಿಲವನ್ನು ಹೊಸದರ ಹೆಸರಿನಲ್ಲಿ ಸಾಗಿಸಿದರೆ ಒತ್ತಡಮಾಪಕ ಹಿಡಿಯಲಾರದು. ಸಿಲಿಂಡರಿನ ಬಣ್ಣವನ್ನಂತೂ ನಂಬಲೇಬೇಡಿ. ಯುರೋಪಿಯನ್ ಒಕ್ಕೂಟದಲ್ಲಿ ಬಳಸಿ ಎಸೆಯುವ ಸಿಲಿಂಡರ್‌ಗೇ ನಿಷೇಧವಿದೆ, ಹಾಗಾಗಿ ಅಲ್ಲಿ ಅದು ಕಣ್ಣಿಗೆ ಬಿದ್ದರೆ ವಿಚಾರಣೆಗೆ ಬೇರೆ ಕಾರಣ ಬೇಡ.

ಒಂದು ದೇಶದ ದಾಖಲೆ ಎಷ್ಟೇ ಚೊಕ್ಕಟವಾಗಿದ್ದರೂ ಸರಕಿಗೆ ಇನ್ನೊಂದು ತುದಿ ಇದೆ. ರಫ್ತು ದೇಶದ ಕಡತದಲ್ಲಿ ಹೋಗಿದೆ ಎಂದಿರುವುದು ಆಮದು ದೇಶದ ಕಡತದಲ್ಲಿ ಬಂದೇ ಇಲ್ಲ ಎಂದಾದರೆ ನಡುವೆ ಎಲ್ಲೋ ಸೋರಿದೆ. ಸಾಮಾನ್ಯವಾಗಿ ಅದು ಟ್ರಾನ್ಸಿಟ್‌ನಲ್ಲಿ (ಬೇರೆ ದೇಶದ ಮೂಲಕ ಹಾದುಹೋಗುವಾಗ), ಇಲ್ಲವೇ ಸುಂಕವಿಲ್ಲದೆ ಸರಕು ಇಡುವ ಮುಕ್ತ ವಲಯದಲ್ಲಿ. ಇದನ್ನು ಮೊದಲೇ ತಿಳಿಯಲೆಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಓಜೋನ್ ಆ್ಯಕ್ಷನ್ ವಿಭಾಗ ‘ಐಪಿಕ್’ ಎಂಬ ಅನೌಪಚಾರಿಕ ಏರ್ಪಾಡು ನಡೆಸುತ್ತದೆ. ಪರವಾನಗಿ ಕೊಡುವ ಮುನ್ನ ರಫ್ತು ದೇಶದ ಅಧಿಕಾರಿ ಆಮದು ದೇಶದ ಅಧಿಕಾರಿಯನ್ನು ‘ಈ ಸಂಸ್ಥೆ ನಿಮ್ಮಲ್ಲಿ ನೋಂದಾಯಿತವೇ, ಇಷ್ಟು ತರಿಸಲು ಅನುಮತಿ ಇದೆಯೇ’ ಎಂದು ಕೇಳುತ್ತಾರೆ. ಅಷ್ಟೇ. ಕಾನೂನಿನ ಕಡ್ಡಾಯವೇನೂ ಇಲ್ಲದ ಈ ಒಂದು ಪ್ರಶ್ನೆಯಿಂದ ಸರಕು ಹಡಗು ಹತ್ತುವ ಮೊದಲೇ ಎಷ್ಟೋ ಅಕ್ರಮ ನಿಂತಿದೆ. ಬೇರೆ ರಾಸಾಯನಿಕಗಳಲ್ಲಿ ಇದೇ ವಿಚಾರಣೆ ಕಾನೂನಾಗಿಯೇ ಇದೆ. 1998ರ ರಾಟರ್‌ಡ್ಯಾಮ್ ಒಪ್ಪಂದ ಅಪಾಯಕಾರಿ ಕೀಟನಾಶಕ, ಕೈಗಾರಿಕಾ ರಾಸಾಯನಿಕಗಳಿಗೆ ಪೂರ್ವ ಮಾಹಿತಿ ಸಹಿತ ಸಮ್ಮತಿಯನ್ನು ತಂದಿತು. 2013ರ ಮಿನಮಾಟಾ ಒಪ್ಪಂದ ಪಾದರಸದ ರಫ್ತಿಗೆ ಆಮದು ದೇಶದ ಲಿಖಿತ ಒಪ್ಪಿಗೆ ಕೇಳುತ್ತದೆ. ಎಲ್ಲಕ್ಕೂ ಬೇಕಾದ ಯಂತ್ರಾಂಗ ಒಂದೇ ಬಗೆಯದ್ದು. ಓಜೋನ್‌ಗೊಂದು, ಪಾದರಸಕ್ಕೊಂದು, ಕೀಟನಾಶಕಕ್ಕೊಂದು ಪೋರ್ಟಲ್ ಕಟ್ಟುತ್ತ ಹೋಗುವ ಬದಲು ಒಂದೇ ಏಕಗವಾಕ್ಷಿಯಲ್ಲಿ ಎಲ್ಲವನ್ನೂ ಕೂರಿಸಿದರೆ ಬಂದರಿನ ಅಧಿಕಾರಿ ಹತ್ತು ಪಾಸ್‌ವರ್ಡ್ ನೆನಪಿಡಬೇಕಾಗಿಲ್ಲ.

ಎಲ್ಲಿ ಈ ವ್ಯವಸ್ಥೆ ಒಳಗಿನಿಂದ ಕೊಳೆಯುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ಇಂಟರ್ನೆಟ್ ಕೈಕೊಡುತ್ತದೆ, ಸರ್ವರ್ ನಿಲ್ಲುತ್ತದೆ, ಆಗ ಕೈಯಿಂದ ಬಿಡುಗಡೆ ಮಾಡುವ ದಾರಿ ಇರಲೇಬೇಕು. ಆ ದಾರಿಯೇ ನಿತ್ಯದ ದಾರಿಯಾದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ. ಕೈಯಿಂದ ಬಿಟ್ಟ ಪ್ರತಿ ಸರಕಿಗೂ ಯಾರು ಬಿಟ್ಟರು, ಯಾಕೆ ಬಿಟ್ಟರು ಎಂಬ ಅಳಿಸಲಾಗದ ದಾಖಲೆ ಬೇಕು, ವ್ಯವಸ್ಥೆ ಎದ್ದ ಕೂಡಲೇ ಆ ಪ್ರಮಾಣ ಬಾಕಿಯಿಂದ ಕಳೆಯಬೇಕು. ಹೀಗೆ ಬಿಟ್ಟ ಸರಕಿನ ಮಾಸಿಕ ಪಟ್ಟಿ ಪರವಾನಗಿ ಕಚೇರಿಗೆ ಹೋಗಬೇಕು. ಜಪ್ತಿಯಾದ ಅನಿಲದ್ದು ಇನ್ನೊಂದು ಸಮಸ್ಯೆ. ಗಾಳಿಗೆ ಬಿಡುವಂತಿಲ್ಲ, ಹರಾಜು ಹಾಕಿದರೆ ಅಕ್ರಮ ಸರಕು ಸಕ್ರಮವಾಗಿ ಮಾರುಕಟ್ಟೆ ಸೇರುತ್ತದೆ, ಸುರಕ್ಷಿತವಾಗಿ ನಾಶಪಡಿಸುವ ಸೌಲಭ್ಯ ಎಲ್ಲ ದೇಶಗಳಲ್ಲೂ ಇಲ್ಲ. ಎಲ್ಲಿಡುವುದು, ಖರ್ಚು ಯಾರದು ಎಂದು ಮೊದಲೇ ಬರೆದಿಡದಿದ್ದರೆ ಅಧಿಕಾರಿ ಜಪ್ತಿ ಮಾಡಲು ಹಿಂಜರಿಯುತ್ತಾನೆ. ಅದು ಸಹಜ.

ಇನ್ನು ನೀವು ಮಾಡಬಹುದಾದ್ದು. ಪರವಾನಗಿ ಕೈಗೆ ಬರುವ ಮೊದಲು ಸರಕು ಲೋಡ್ ಮಾಡಿಸಬೇಡಿ. ‘ಹಡಗು ಹೊರಟಿದೆ, ಬೇಗ ಕೊಡಿ’ ಎಂಬ ಒತ್ತಡವೇ ಅರ್ಧ ತಪ್ಪುಗಳ ಮೂಲ. ಇನ್‌ವಾಯ್ಸ್‌ನಲ್ಲಿ ಸಿಎಎಸ್ ಸಂಖ್ಯೆ, ಆರ್ ಸಂಖ್ಯೆ, ನಿವ್ವಳ ತೂಕ, ಸಿಲಿಂಡರ್ ಎಣಿಕೆ ನಾಲ್ಕೂ ಇರಬೇಕೆಂದು ಪೂರೈಕೆದಾರರಿಗೆ ಲಿಖಿತವಾಗಿ ಹೇಳಿ. ಮಿಶ್ರಣವಾದರೆ ಘಟಕಗಳ ಶೇಕಡಾವಾರು ಪಾಲನ್ನೂ ಕೇಳಿ. ಮಾರುಕಟ್ಟೆಯಲ್ಲಿ ಸಿಗುವ ಅನುಮಾನಾಸ್ಪದ ಸಿಲಿಂಡರಿನ ಚೀಟಿ, ಬ್ಯಾಚ್ ಸಂಖ್ಯೆಗಳ ಫೋಟೊ ತೆಗೆದು ಪರವಾನಗಿ ಕಚೇರಿಗೆ ಕಳಿಸಿ. ಬ್ಯಾಚ್ ಸಂಖ್ಯೆಯಿಂದ ತಯಾರಕರವರೆಗೂ ಹಿಂದೆ ಹೋಗಬಹುದು, ‘ಎಲ್ಲ ಕಡೆ ನಕಲಿ ಸಿಗುತ್ತಿದೆ’ ಎಂಬ ದೂರಿನಿಂದ ಎಲ್ಲಿಗೂ ಹೋಗಲಾಗದು.

ಮತ್ತೊಂದು ಕೆಲಸ ನೀವು ಈಗಲೇ ಶುರುಮಾಡಬಹುದು. ನಿಮ್ಮ ಪ್ರತಿ ಪರವಾನಗಿಗೂ ಒಂದು ಹಾಳೆ ಇಟ್ಟು, ಯಾವ ಘೋಷಣೆಯಲ್ಲಿ ಎಷ್ಟು ಬಿಡುಗಡೆಯಾಯಿತು, ಬಾಕಿ ಎಷ್ಟು ಎಂದು ದಿನಾಂಕ ಸಮೇತ ಬರೆಯುತ್ತಾ ಹೋಗಿ. ಮೂರು ತಿಂಗಳಿಗೊಮ್ಮೆ ಅದರ ಪ್ರತಿಯನ್ನು ಪರವಾನಗಿ ಕಚೇರಿಗೆ ಕಳಿಸಿ, ಅವರ ಬಳಿ ಇರುವ ಅಂಕಿ ಏನೆಂದು ಕೇಳಿ. ಅವರ ಬಳಿ ಅಂಕಿಯೇ ಇಲ್ಲದಿದ್ದರೆ ಮರುಸಂದೇಶ ಬರುತ್ತಿಲ್ಲ ಎಂದರ್ಥ. ಆ ಪತ್ರವೇ ಕಸ್ಟಮ್ಸ್ ಜೋಡಣೆಗಾಗಿ ಅವರು ಮೇಲಧಿಕಾರಿಗಳ ಮುಂದೆ ಇಡಬಹುದಾದ ಒಳ್ಳೆಯ ಪುರಾವೆ.